‘ಬಸುರಿಗೆ ಸೂಜಿ ಬೇಡ’ ಎನ್ನುವ ಮೊದಲು

ಚಿಕ್ಕಮ್ಮನ ಮಗಳಿಗೆ ಆಗ ಏಳು ತಿಂಗಳು. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಳು. ಸಂಜೆ ಹಾಲು ತರಲು ಹೋದವಳಿಗೆ ಡೇರಿ ಹತ್ತಿರ ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲಿನ ಗುರುತು, ಒಂದಿಷ್ಟು ರಕ್ತ. ಮನೆಗೆ ಬಂದವಳನ್ನು ಕೂರಿಸಿಕೊಂಡು ಚಿಕ್ಕಮ್ಮ ಗಾಯಕ್ಕೆ ಅರಿಶಿನ ಮೆತ್ತಿದರು. ಆಸ್ಪತ್ರೆಗೆ ಹೋಗೋಣ ಎಂದಿದ್ದಕ್ಕೆ ಅವರು ಅಂದ ಮಾತು ನನಗೆ ಇನ್ನೂ ನೆನಪಿದೆ: “ತುಂಬಿದ ಬಸುರಿ ಕಣೇ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಚುಚ್ಚಿದರೆ ಮಗು ಉಳಿಯುತ್ತಾ?”

ಚಿಕ್ಕಮ್ಮನ ಭಯ ಗಾಳಿಮಾತಿನಿಂದ ಹುಟ್ಟಿದ್ದಲ್ಲ. ಹುಚ್ಚುನಾಯಿ ಕಡಿತಕ್ಕೆ ಹಿಂದೆ ಹಾಗೇ ಕೊಡುತ್ತಿದ್ದರು, ಹೊಕ್ಕುಳ ಸುತ್ತ, ದಿನಕ್ಕೊಂದರಂತೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೇ ಲಸಿಕೆಯನ್ನು ನಮ್ಮ ದೇಶ ಪೂರ್ತಿ ಕೈಬಿಟ್ಟದ್ದೇ 2004-05ರ ಹೊತ್ತಿಗೆ. ಈಗಿನದು ತೋಳಿಗೆ ಹಾಕುವ ಲಸಿಕೆ, ಅದರಲ್ಲಿರುವುದು ಸತ್ತ ವೈರಸ್ಸು. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಅಷ್ಟೇ.

ನನಗೆ ಬೇಜಾರಾಗಿದ್ದು ಚಿಕ್ಕಮ್ಮನ ಮಾತಿಗಲ್ಲ. ಮೊದಲು ಕರೆದುಕೊಂಡು ಹೋದ ಕ್ಲಿನಿಕ್ಕಿನಲ್ಲಿ ಓದಿದ ಡಾಕ್ಟರೇ, “ಬಸುರಿ ಅಲ್ವಾ, ಸುಮ್ನೆ ರಿಸ್ಕ್ ಯಾಕೆ? ಹತ್ತು ದಿನ ನಾಯಿ ಮೇಲೆ ಕಣ್ಣಿಡಿ” ಅಂದರು. ಬೀದಿನಾಯಿ ಮೇಲೆ ಕಣ್ಣಿಡುವುದು ಹೇಗೆ? ಮರುದಿನ ಅದು ಬೀದಿಯಲ್ಲೇ ಇರಲಿಲ್ಲ. ನಾಯಿಯನ್ನು ಗಮನಿಸುವುದೇ ಆದರೂ ಲಸಿಕೆ ಶುರು ಮಾಡಿಕೊಂಡು ಗಮನಿಸಬೇಕು, ಗಮನಿಸಿದ ಮೇಲೆ ಶುರು ಮಾಡುವುದಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವವರು ಇಲ್ಲವೆಂದೇ ಹೇಳಬೇಕು. ತಾಯಿ ಹೋದರೆ ಹೊಟ್ಟೆಯಲ್ಲಿರುವ ಮಗುವಿನ ಗತಿ? ವಿಶ್ವ ಆರೋಗ್ಯ ಸಂಸ್ಥೆ ಬಹಳ ಹಿಂದಿನಿಂದಲೂ ಹೇಳುತ್ತಿರುವುದು ಇದನ್ನೇ: ನಾಯಿ ಕಡಿದ ಮೇಲೆ ಬಸುರಿ, ಬಾಣಂತಿ ಎಂದು ನೋಡುತ್ತಾ ಕೂರಬೇಡಿ, ಲಸಿಕೆ ಕೊಡಿ, ಹಲ್ಲು ನಾಟಿ ರಕ್ತ ಬಂದಿದ್ದರೆ ಜತೆಗೆ ಇಮ್ಯುನೋಗ್ಲಾಬ್ಯುಲಿನ್ನೂ (ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಮದ್ದು, ಗಾಯಕ್ಕೇ ಚುಚ್ಚುವುದು) ಕೊಡಿ. ಬಸುರಿಯರಿಗೆ ರೇಬೀಸ್ ಲಸಿಕೆ ಕೊಟ್ಟು, ತಾಯಿ-ಮಗು ಹೇಗಿದ್ದಾರೆಂದು ನೋಡಿ, ಬರೆದಿಟ್ಟವರಲ್ಲಿ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ಸಂಸ್ಥೆಯ ವೈದ್ಯರೂ ಇದ್ದಾರೆ. ಅದೂ 90ರ ದಶಕದ ಕೊನೆಯಲ್ಲೇ. ಆ ಮಾಹಿತಿ ನಮ್ಮ ಊರಿನ ಕ್ಲಿನಿಕ್ಕಿಗೆ ಬಂದು ಮುಟ್ಟಿರಲಿಲ್ಲ ಅನ್ನಿ.

“ಸುಮ್ನೆ ರಿಸ್ಕ್ ಯಾಕೆ” ಅನ್ನುವ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇದರಲ್ಲಿ ಕೊಡುವುದು ಮಾತ್ರ ರಿಸ್ಕು. ಕೊಡದೆ ಇರುವುದಕ್ಕೆ ಯಾರೂ ಆ ಹೆಸರು ಇಡುವುದಿಲ್ಲ. ಲಸಿಕೆ ಕೊಟ್ಟ ಮೇಲೆ ಏನಾದರೂ ಆದರೆ ಕೊಟ್ಟವರ ತಲೆಗೆ ಬರುತ್ತದೆ. ಕೊಡದೆ ಏನಾದರೂ ಆದರೆ ಹಣೆಬರಹ. ಬಸುರಿ-ಬಾಣಂತಿಯರ ಲಸಿಕೆ ವಿಚಾರದಲ್ಲಿ ಹಳ್ಳಿಯ ಅಜ್ಜಿಯಿಂದ ಹಿಡಿದು ದೆಹಲಿಯ ಸಮಿತಿಗಳವರೆಗೆ ನಡೆಯುವುದು ಇದೇ ಲೆಕ್ಕ.

ದೆಹಲಿಯ ಲೆಕ್ಕವನ್ನೇ ನೋಡಿ. 2021ರ ಜನವರಿ 16ಕ್ಕೆ ದೇಶದಲ್ಲಿ ಕೋವಿಡ್ ಲಸಿಕೆ ಶುರುವಾಯಿತು. ಯಾರಿಗೆ ಕೊಡಬಾರದು ಎನ್ನುವ ಪಟ್ಟಿಯಲ್ಲಿ ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಒಟ್ಟಿಗೇ ಇದ್ದರು. ಅಪಾಯ ಕಂಡುಬಂದಿದೆ ಎಂದು ಅಲ್ಲ, ಲಸಿಕೆಯ ಪರೀಕ್ಷೆಯಲ್ಲಿ ಇವರನ್ನು ಸೇರಿಸಿಕೊಂಡಿರಲೇ ಇಲ್ಲ ಎಂದು. ಏಪ್ರಿಲ್-ಮೇ ತಿಂಗಳಲ್ಲಿ ಡೆಲ್ಟಾ ಅಲೆ ಬಂತು. ಹಾಸಿಗೆಗೆ, ಆಕ್ಸಿಜನ್ನಿಗೆ ಜನ ಪರದಾಡಿದ್ದು ಯಾರಿಗೆ ಮರೆತಿದೆ? ಆ ಜೂನ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸೋಂಕು ತಗುಲಿದ ಬಸುರಿ-ಬಾಣಂತಿಯರ ಒಂದು ಅಧ್ಯಯನದ ಅಂಕಿ ಹೊರಹಾಕಿತು. ಮೊದಲ ಅಲೆಯಲ್ಲಿ 1,143 ಜನ, ಎರಡನೆಯದರಲ್ಲಿ 387 ಜನ. ಮೊದಲ ಅಲೆಯಲ್ಲಿ ತೀರಿಕೊಂಡವರು ಶೇ. 0.7. ಎರಡನೆಯದರಲ್ಲಿ ಶೇ. 5.7. ಎಂಟು ಪಟ್ಟು.

ಹಾಲೂಡಿಸುವ ತಾಯಂದಿರಿಗೆ ಬಾಗಿಲು ತೆರೆದದ್ದು ಮೇ 19ಕ್ಕೆ. ಗರ್ಭಿಣಿಯರಿಗೆ ಜುಲೈ 2ಕ್ಕೆ. ಲಸಿಕೆ ಶುರುವಾಗಿ 167 ದಿನ ಆಗಿತ್ತು, ಅಲೆ ಇಳಿದೂ ಆಗಿತ್ತು. ಇಷ್ಟರಲ್ಲಿ ಅಮೆರಿಕದಲ್ಲಿ ಲಸಿಕೆ ಪಡೆದ 35 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮಾಹಿತಿ ಏಪ್ರಿಲ್‌ನಲ್ಲೇ ಪ್ರಕಟವಾಗಿತ್ತು, ಅದರಲ್ಲಿ ಹೆದರುವಂಥದ್ದು ಕಂಡಿರಲಿಲ್ಲ. ಅದು ಬೇರೆ ಬಗೆಯ ಲಸಿಕೆ, ನಮ್ಮ ಕೋವಿಶೀಲ್ಡ್, ಕೊವ್ಯಾಕ್ಸಿನ್ ಅಲ್ಲ, ನಿಜ. ಹಾಗಾಗಿ ಸಮಿತಿಯವರು ತಡೆದು ಯೋಚಿಸಿದ್ದು ತಪ್ಪು ಎಂದು ನಾನು ಹೇಳಲಾರೆ. ನನ್ನ ತಕರಾರು ಬಾಣಂತಿಯರ ವಿಷಯದಲ್ಲಿ. ಎರಡು ಲಸಿಕೆಗಳಲ್ಲೂ ಮೈಯಲ್ಲಿ ಬೆಳೆದು ಹಾಲಿನ ಮೂಲಕ ಮಗುವಿಗೆ ದಾಟುವ ವೈರಸ್ಸೇ ಇರಲಿಲ್ಲ. ಅವರನ್ನು ನಾಲ್ಕು ತಿಂಗಳು ಕಾಯಿಸಿದ್ದು ಯಾತಕ್ಕೆ? ಹಾಲೂಡಿಸುವ ನರ್ಸುಗಳು, ಆಶಾ ಕಾರ್ಯಕರ್ತೆಯರು ಲಸಿಕೆ ಇಲ್ಲದೆ ವಾರ್ಡುಗಳಲ್ಲಿ, ಬೀದಿಗಳಲ್ಲಿ ಕೆಲಸ ಮಾಡಿದ ತಿಂಗಳುಗಳು ಅವು.

ಕಾರಣ ಭಾಷೆಯಲ್ಲೇ ಇದೆ ಅನಿಸುತ್ತದೆ. ‘ಬಸುರಿ-ಬಾಣಂತಿ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅಂಗನವಾಡಿಯ ಊಟದ ಪಟ್ಟಿಯಿಂದ ಔಷಧಿ ಡಬ್ಬಿಯ ಚೀಟಿಯವರೆಗೆ ಇಬ್ಬರೂ ಜೋಡಿ. ಪಾಲಿಸುವುದಕ್ಕೆ, ಪಥ್ಯಕ್ಕೆ ಈ ಜೋಡಿ ಸರಿ. ಲಸಿಕೆಗೆ ಬಂದರೆ ಇವರಿಬ್ಬರ ಲೆಕ್ಕ ಬೇರೆ ಬೇರೆ. ಒಂದು ಕಡೆ ಮಾಸು (ಹೆರಿಗೆಯಾದ ಮೇಲೆ ಹೊರಬೀಳುತ್ತದಲ್ಲ, ಅದೇ) ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ನಡುವೆ ನಿಂತಿರುತ್ತದೆ. ಇನ್ನೊಂದು ಕಡೆ ಹಾಲು, ಅದು ಹೋಗುವುದು ಮಗುವಿನ ಹೊಟ್ಟೆಗೆ. ದಾರಿಯೇ ಬೇರೆ.

ಮೊದಲ ದಾರಿಯ ಕೆಲಸ ಸೊಗಸಾಗಿದೆ. ತಾಯಿಯ ರಕ್ತದಲ್ಲಿರುವ ರೋಗ ತಡೆಯುವ ಕಣಗಳನ್ನು, ಅಂದರೆ ಆಂಟಿಬಾಡಿಗಳನ್ನು, ಮಾಸು ತಾನಾಗಿ ಎತ್ತಿ ಮಗುವಿನ ಕಡೆ ದಾಟಿಸುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಸಣ್ಣದಾಗಿ ಶುರುವಾಗುವ ಈ ಸಾಗಣೆ ಕೊನೆಯ ಮೂರು ತಿಂಗಳಲ್ಲಿ ಜೋರಾಗುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಕೆಲವು ಸಲ ತಾಯಿಗಿಂತ ಜಾಸ್ತಿ ಇರುತ್ತದೆ. ತವರಿನಿಂದ ಹೊರಡುವ ಮಗಳಿಗೆ ಬುತ್ತಿ ಕಟ್ಟಿ ಕಳಿಸಿದ ಹಾಗೆ ಇದು, ಕೆಲವು ತಿಂಗಳಿಗೆ ಆಗುವಷ್ಟು. ಆದರೆ ತಾಯಿಯ ಹತ್ತಿರ ಇದ್ದರೆ ತಾನೇ ಕಟ್ಟುವುದು?

ಇದರ ಫಲ ಎಷ್ಟು ದೊಡ್ಡದು ಎಂದು ತಿಳಿಯಲು ನಮ್ಮ ಟಿಟಿ ಇಂಜೆಕ್ಷನ್ನನ್ನೇ ನೋಡಿದರೆ ಸಾಕು. ತೊಳೆಯದ ಕುಡುಗೋಲಿನಿಂದಲೋ ಬ್ಲೇಡಿನಿಂದಲೋ ಹೊಕ್ಕುಳಬಳ್ಳಿ ಕೊಯ್ದು, ಅದಕ್ಕೆ ಬೂದಿಯನ್ನೋ ಸಗಣಿಯನ್ನೋ ಹಚ್ಚುತ್ತಿದ್ದ ಕಾಲ ಒಂದಿತ್ತು. ಮೂರ್ನಾಲ್ಕು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಇದ್ದಕ್ಕಿದ್ದಂತೆ ಬಾಯಿ ತೆರೆಯಲಾರದೆ, ಮೈ ಬಿಲ್ಲಿನಂತೆ ಬಾಗಿ ಸೆಟೆದು ಹೋಗುತ್ತಿತ್ತು. ಅದು ಧನುರ್ವಾಯು. ಹೆಸರಿನಲ್ಲೇ ಬಿಲ್ಲು ಇದೆ. 1988ರಲ್ಲಿ ಜಗತ್ತಿನಲ್ಲಿ 7 ಲಕ್ಷ 87 ಸಾವಿರ ನವಜಾತ ಶಿಶುಗಳು ಇದರಿಂದ ಸತ್ತವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2015ರಲ್ಲಿ ಭಾರತ ಇದನ್ನು ಹತೋಟಿಗೆ ತಂದಿದೆ ಎಂದು ಅದೇ ಸಂಸ್ಥೆ ಒಪ್ಪಿತು: ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ ಕೂಸಿಗೆ ಈ ರೋಗ. ಆಸ್ಪತ್ರೆ ಹೆರಿಗೆ ಹೆಚ್ಚಿದ್ದು ಒಂದು ಕಾರಣ, ಬಸುರಿಯರ ತೋಳಿಗೆ ಬಿದ್ದ ಎರಡು ಸೂಜಿ ಇನ್ನೊಂದು. ರೋಗಾಣು ಮಾತ್ರ ಎಲ್ಲೂ ಹೋಗಿಲ್ಲ, ಮಣ್ಣಿನಲ್ಲೇ ಇದೆ.

‘ಬಸುರಿಗೆ ಸೂಜಿ ಬೇಡ’ ಅನ್ನುವ ಚಿಕ್ಕಮ್ಮನೇ ತಮ್ಮ ಮೂರು ಬಸುರಿನಲ್ಲೂ ಟಿಟಿ ಹಾಕಿಸಿಕೊಂಡವರು! ಕೇಳಿದರೆ, “ಅದು ಬೇರೆ, ಅದು ಬಸುರಿ ಇಂಜೆಕ್ಷನ್ನು” ಅಂದರು. ರೂಢಿಗೆ ಬಂದದ್ದು ಮನೆಯ ವಸ್ತು, ಬಾರದ್ದು ವಿಷ. ಯಾವ ಜಾಹೀರಾತೂ ಮಾಡಲಾಗದ ಕೆಲಸವನ್ನು ಗುರುವಾರದ ಲಸಿಕೆ ದಿನಗಳು ಸದ್ದಿಲ್ಲದೆ ಮಾಡಿವೆ.

ಈಗ ಟಿಟಿ ಹೋಗಿ ಟಿಡಿ ಬಂದಿದೆ. ಧನುರ್ವಾಯುವಿನ ಜತೆ ಗಂಟಲುಮಾರಿಗೂ ತಡೆ. ಬಸುರಿ ಎಂದು ಗೊತ್ತಾದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಹಿಂದಿನ ಬಸುರಿನಲ್ಲಿ ಎರಡೂ ಆಗಿದ್ದು ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದೇ ಸಾಕು. ಪಿಎಚ್‌ಸಿಯಲ್ಲಿ ಪುಕ್ಕಟೆ. ತಾಯಿ ಕಾರ್ಡಿನಲ್ಲಿ ಇದಕ್ಕೆ ಪ್ರತ್ಯೇಕ ಜಾಗವೇ ಇದೆ.

ಟಿಡಿಯಲ್ಲಿ ಇಲ್ಲದ್ದು ನಾಯಿಕೆಮ್ಮು. ನನ್ನ ಪ್ರಕಾರ ಈಗ ಚರ್ಚೆಯಾಗಬೇಕಾದ್ದು ಇದೇ. ನಾಯಿಕೆಮ್ಮಿಗೆ ಮಗುವಿನ ಮೊದಲ ಲಸಿಕೆ ಒಂದೂವರೆ ತಿಂಗಳಿಗೆ, ಐದು ರೋಗಕ್ಕೆ ಒಂದೇ ಸೂಜಿಯಾದ ಪೆಂಟಾವೇಲೆಂಟ್‌ನಲ್ಲಿ. ಆದರೆ ಈ ರೋಗ ಕೊಲ್ಲುವುದು ಹೆಚ್ಚಾಗಿ ಅದಕ್ಕೂ ಚಿಕ್ಕ ಕೂಸುಗಳನ್ನು. ಅಷ್ಟು ಎಳೆಯ ಮಗು ಎಷ್ಟೋ ಸಲ ಕೆಮ್ಮುವುದೂ ಇಲ್ಲ, ಸುಮ್ಮನೆ ಉಸಿರು ನಿಲ್ಲಿಸಿ ನೀಲಿಗಟ್ಟುತ್ತದೆ. ಮನೆಯಲ್ಲಿ ಯಾರಿಗೋ ಬಂದಿರುವ ಬಿಡದ ಕೆಮ್ಮು ಮಗುವಿನ ತೊಟ್ಟಿಲಿಗೆ ಬಂದಿರುತ್ತದೆ. ಬಾಣಂತಿ ಕೋಣೆಗೆ ಗಾಳಿ ಬಾರದಂತೆ ಕಿಟಕಿ ಮುಚ್ಚುವ ನಾವು ಕೆಮ್ಮುವ ನೆಂಟರನ್ನು ಮಾತ್ರ ಒಳಗೆ ಬಿಡುತ್ತೇವೆ.

2012ರಲ್ಲಿ ಇಂಗ್ಲೆಂಡಿನಲ್ಲಿ ನಾಯಿಕೆಮ್ಮು ಉಲ್ಬಣಿಸಿ 14 ಹಸುಗೂಸುಗಳು ಸತ್ತವು. ಆ ಅಕ್ಟೋಬರ್‌ನಿಂದಲೇ ಅಲ್ಲಿ ಗರ್ಭಿಣಿಯರಿಗೆ ಲಸಿಕೆ ಶುರು ಮಾಡಿದರು. ಮೊದಲ ಲೆಕ್ಕದಲ್ಲೇ ಎಳೆ ಕೂಸುಗಳಿಗೆ ಶೇ. 90ರಷ್ಟು ರಕ್ಷಣೆ ಕಂಡಿತು. ಆಮೇಲೆ ಹಾಕಿಸಿಕೊಳ್ಳುವವರ ಸಂಖ್ಯೆ ಇಳಿಯುತ್ತಾ ಬಂತು. 2024ರಲ್ಲಿ ಮತ್ತೆ ಉಲ್ಬಣ, 11 ಕೂಸುಗಳ ಸಾವು. ಇಷ್ಟು ಸ್ಪಷ್ಟವಾದ ಏರಿಳಿತ ಲಸಿಕೆಯ ಚರಿತ್ರೆಯಲ್ಲಿ ಅಪರೂಪ.

ನಮ್ಮಲ್ಲಿ ಧನುರ್ವಾಯು, ಗಂಟಲುಮಾರಿ, ನಾಯಿಕೆಮ್ಮು ಮೂರಕ್ಕೂ ಒಂದೇ ಸೂಜಿಯಾದ ಟಿಡ್ಯಾಪ್ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. 27ರಿಂದ 36ನೇ ವಾರದ ನಡುವೆ ಹಾಕಿಸಿಕೊಳ್ಳಿ ಎಂದು ಹೆರಿಗೆ ಡಾಕ್ಟರುಗಳು ಹೇಳುತ್ತಾರೆ. ಪ್ರತಿ ಬಸುರಿನಲ್ಲೂ ಬೇಕು, ಯಾಕೆಂದರೆ ತಾಯಿಯ ರಕ್ತದಲ್ಲಿ ಇದರ ಆಂಟಿಬಾಡಿ ಬೇಗ ಇಳಿದುಬಿಡುತ್ತದೆ. ಬೆಲೆ ಸಾವಿರ ರೂಪಾಯಿ ದಾಟುತ್ತದೆ. ಹೀಗಾಗಿ ಒಂದೇ ಬೀದಿಯ ಇಬ್ಬರು ಬಸುರಿಯರಲ್ಲಿ ಒಬ್ಬಳ ಕೂಸಿಗೆ ಮೂರು ರೋಗದ ಬುತ್ತಿ, ಇನ್ನೊಬ್ಬಳದಕ್ಕೆ ಎರಡರದ್ದು. ಪುಕ್ಕಟೆ ಸಾಲಿನಲ್ಲಿ ನಿಂತವಳಿಗೆ ಇಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ.

ಫ್ಲೂ ಲಸಿಕೆಯದೂ ಇದೇ ಕತೆ. 2009ರ ಎಚ್1ಎನ್1 ಕಾಲದಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ಶೇ. 1ರಷ್ಟು, ಸತ್ತವರಲ್ಲಿ ಶೇ. 5ರಷ್ಟು. ಇದು ಶ್ರೀಮಂತರ ದೇಶದ ಮಾತು ಎನ್ನುವವರಿಗೆ ಢಾಕಾದ ಉದಾಹರಣೆ ಇದೆ. ಬಾಂಗ್ಲಾದೇಶದಲ್ಲಿ 340 ತಾಯಂದಿರ ಮೇಲೆ ನಡೆದ ಪರೀಕ್ಷೆ, 2008ರಲ್ಲಿ ಪ್ರಕಟವಾಯಿತು. ಬಸುರಿನಲ್ಲಿ ಫ್ಲೂ ಲಸಿಕೆ ಪಡೆದವರ ಮಕ್ಕಳಲ್ಲಿ ಫ್ಲೂ ಶೇ. 63ರಷ್ಟು ಕಡಿಮೆ. ಮಗುವಿಗೆ ಆರು ತಿಂಗಳಾಗುವವರೆಗೆ ಫ್ಲೂ ಲಸಿಕೆ ಕೊಡುವಂತೆಯೇ ಇಲ್ಲ, ಅಲ್ಲಿವರೆಗೆ ತಾಯಿಯಿಂದ ಬಂದದ್ದೇ ಗತಿ. ಆರ್‌ಎಸ್‌ವಿ ಎಂಬ ಎದೆಯ ಸೋಂಕಿಗೂ 2023ರಿಂದ ಗರ್ಭಿಣಿಯರ ಲಸಿಕೆ ಬಂದಿದೆ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಬಾಣಂತನಕ್ಕೆ ತಯಾರಾಗುತ್ತಿರುವ ಕನ್ನಡಿತಿಯರಿಗೆ ಅಲ್ಲಿನ ಆಸ್ಪತ್ರೆಯವರೇ ಇದನ್ನು ಕೇಳುತ್ತಾರೆ. ಊರಿನಿಂದ ಬಾಣಂತನಕ್ಕೆ ಹೋದ ಅಮ್ಮ, “ಇದೇನು, ನಮ್ಮ ಕಾಲದಲ್ಲಿ ಇರಲಿಲ್ಲ” ಅನ್ನುತ್ತಾರೆ. ನಿಜ, ಇರಲಿಲ್ಲ.

ಹಾಗಾದರೆ ಬಸುರಿಯರಿಗೆ ಎಲ್ಲವನ್ನೂ ಚುಚ್ಚಬಹುದೇ? ಇಲ್ಲ. ಕೆಲವು ಲಸಿಕೆಗಳಲ್ಲಿ ಜೀವಂತ ವೈರಸ್ಸನ್ನೇ ಪಳಗಿಸಿ ಇಟ್ಟಿರುತ್ತಾರೆ. ದಡಾರ, ಮಂಗನಬಾವು, ರುಬೆಲ್ಲಾ ಮೂರರ ಎಂಎಂಆರ್, ಸಿಡುಬಿನಂತೆ ಗುಳ್ಳೆ ಏಳುವ ಚಿಕನ್‌ಪಾಕ್ಸಿನ ಲಸಿಕೆ ಇಂಥವು. ಹೋರಿ ಎಷ್ಟೇ ಸಾಧುವಾದರೂ ಕೂಸಿನ ಪಕ್ಕ ಕಟ್ಟುವುದಿಲ್ಲ, ಅಲ್ವಾ? ಹಾಕಿಸಿಕೊಳ್ಳುವುದಿದ್ದರೆ ಬಸುರಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲು, ಇಲ್ಲದಿದ್ದರೆ ಹೆರಿಗೆಯ ಮೇಲೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಜೀವಂತ ಲಸಿಕೆಯಲ್ಲ, ಆದರೂ ಅವಸರವಿಲ್ಲದ್ದರಿಂದ ಹೆರಿಗೆಯಾಗುವವರೆಗೆ ಮುಂದೂಡುತ್ತಾರೆ.

ರುಬೆಲ್ಲಾ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ದೊಡ್ಡವರಿಗೆ ಎರಡು ದಿನದ ಜ್ವರ, ಸಣ್ಣ ಗಂಧೆ, ಅಷ್ಟೇ. ಬಸುರಿನ ಮೊದಲ ಮೂರು ತಿಂಗಳಲ್ಲಿ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಊನವಾಗಬಹುದು. ಇದನ್ನು ಮೊದಲು ಕಂಡುಹಿಡಿದವರು ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, 1941ರಲ್ಲಿ. ಒಂದೇ ಸಮನೆ ಕಣ್ಣಿನ ಪೊರೆ ಇರುವ ಕೂಸುಗಳು ಬರುತ್ತಿದ್ದುದನ್ನು ನೋಡಿ ತಾಯಂದಿರ ಕತೆ ಜೋಡಿಸಿದರು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶಾಲೆಗಳಲ್ಲಿ ಸಾಲು ನಿಲ್ಲಿಸಿ ಹಾಕಿದರು. ಅದರ ವಿರುದ್ಧ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಮೆಸೇಜುಗಳಿಗೆ ಲೆಕ್ಕವಿರಲಿಲ್ಲ. ಅವತ್ತು ಒಂಬತ್ತನೇ ಕ್ಲಾಸಿನಲ್ಲಿದ್ದ ಹುಡುಗಿಯರು ಈಗ ತಾಯಿ ಕಾರ್ಡು ಮಾಡಿಸುವ ವಯಸ್ಸಿಗೆ ಬಂದಿದ್ದಾರೆ. ಅವತ್ತಿನ ಸೂಜಿ ಕೆಲಸಕ್ಕೆ ಬರುವುದು ಇವತ್ತು. ಅಭಿಯಾನದ ವಯಸ್ಸು ದಾಟಿದ್ದ ಅವರ ಅಕ್ಕಂದಿರು ಮದುವೆಗೆ ಮುಂಚೆ ಅಥವಾ ಬಾಣಂತನದಲ್ಲಿ ಕೇಳಿ ಹಾಕಿಸಿಕೊಳ್ಳಬೇಕು, ತಾನಾಗಿ ಯಾರೂ ಕರೆದು ಕೊಡುವುದಿಲ್ಲ. ಇನ್ನು, ಬಸುರಿ ಎಂದು ಗೊತ್ತಿಲ್ಲದೆ ರುಬೆಲ್ಲಾ ಲಸಿಕೆ ಹಾಕಿಸಿಕೊಂಡು ಹೆದರಿ ಗರ್ಭ ತೆಗೆಸಲು ಹೊರಡುವವರಿದ್ದಾರೆ. ಹಾಗೆ ಹಾಕಿಸಿಕೊಂಡ ತಾಯಂದಿರ ಮಕ್ಕಳಲ್ಲಿ ಲಸಿಕೆಯಿಂದ ಆ ಊನ ಬಂದದ್ದು ಕಂಡಿಲ್ಲ. ತೆಗೆಸುವ ಕಾರಣವಿಲ್ಲ.

ಬಾಣಂತಿಯ ಲೆಕ್ಕ ಇನ್ನೂ ಸುಲಭ. ಹಾಲೂಡಿಸುತ್ತಾ ಎಂಎಂಆರ್ ಕೂಡ ಹಾಕಿಸಿಕೊಳ್ಳಬಹುದು. ರೇಬೀಸ್, ಟಿಡಿ, ಫ್ಲೂ, ಹೆಪಟೈಟಿಸ್ ಬಿ, ಕೋವಿಡ್ ಯಾವುದಕ್ಕೂ ಹಾಲು ನಿಲ್ಲಿಸಬೇಕಿಲ್ಲ, ಒಂದು ಹೊತ್ತಿನ ಹಾಲನ್ನೂ ಹಿಂಡಿ ಚೆಲ್ಲಬೇಕಿಲ್ಲ. ದೊಡ್ಡ ಅಪವಾದ ಹಳದಿ ಜ್ವರದ (ಯೆಲ್ಲೋ ಫೀವರ್, ನಮ್ಮ ಕಾಮಾಲೆಯಲ್ಲ) ಲಸಿಕೆ. 2009ರಲ್ಲಿ ಬ್ರೆಜಿಲ್‌ನಲ್ಲಿ ಈ ಲಸಿಕೆ ಪಡೆದ ಬಾಣಂತಿಯ ಹಾಲಿನಿಂದ ಲಸಿಕೆಯ ವೈರಸ್ ದಾಟಿ, ತಿಂಗಳೂ ತುಂಬದ ಕೂಸಿಗೆ ಮಿದುಳಿನ ಉರಿಯೂತ ಬಂತು. ಇದು ನಮಗೇಕೆ ಎನ್ನಬೇಡಿ. ಗಂಡನ ಕೆಲಸಕ್ಕೆಂದು ಕೀನ್ಯಾ, ಉಗಾಂಡಕ್ಕೆ ಹೊರಡುವ ಬೆಂಗಳೂರಿನ ಬಾಣಂತಿಯರಿಗೆ ಈ ಲಸಿಕೆ ಹಾಕಿಸಿಕೊಂಡದ್ದಕ್ಕೆ ಪ್ರಮಾಣಪತ್ರವಾದ ಹಳದಿ ಪುಸ್ತಕ ಬೇಕಾಗುತ್ತದೆ. ಒಂಬತ್ತು ತಿಂಗಳೊಳಗಿನ ಮಗುವಿಗೆ ಹಾಲೂಡಿಸುತ್ತಿದ್ದರೆ ಸೂಜಿಗೆ ಮೊದಲೇ ಅದನ್ನು ಹೇಳಬೇಕು.

ಹಾಲಿನಲ್ಲಿ ಹೋಗುವ ಆಂಟಿಬಾಡಿ ಮಗುವಿನ ಬಾಯಿ, ಗಂಟಲು, ಕರುಳಿಗೆ ಕಾವಲು ಕೂರುತ್ತದೆ. ರಕ್ತಕ್ಕೆ ಹೆಚ್ಚಾಗಿ ಸೇರುವುದಿಲ್ಲ. ಹಾಗಾಗಿ ‘ಹೆರಿಗೆಯಾದ ಮೇಲೆ ಹಾಕಿಸಿಕೊಂಡರಾಯಿತು, ಹಾಲಿನಲ್ಲಿ ಹೋಗುತ್ತದೆ’ ಎಂದು ನಾಯಿಕೆಮ್ಮಿನ ಸೂಜಿಯನ್ನು ಮುಂದೂಡಿದರೆ ಮಾಸು ಕೊಡುವಷ್ಟು ರಕ್ಷಣೆ ಸಿಗದು.

ಇಷ್ಟೆಲ್ಲ ಗೊತ್ತಿದ್ದೂ ಪರೀಕ್ಷೆಗಳಲ್ಲಿ ಬಸುರಿಯರನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲ? ಇದರ ಬೇರು ಥಾಲಿಡೊಮೈಡ್‌ನಲ್ಲಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ಮಾತ್ರೆಯನ್ನು ಬಸುರಿಯರು ಬೆಳಗಿನ ವಾಂತಿಗೆ ನುಂಗಿದರು. 1961ರಲ್ಲಿ ಹಿಂದಕ್ಕೆ ಪಡೆಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲಿನ ಊನದೊಂದಿಗೆ ಹುಟ್ಟಿದ್ದರು. ಜಗತ್ತು ಕಲಿತ ಪಾಠ: ಬಸುರಿಯರ ಮೇಲೆ ಪರೀಕ್ಷೆ ಬೇಡ. ಆದರೆ ಆ ಅನಾಹುತ ಆದದ್ದು ಪರೀಕ್ಷೆ ಮಾಡಿದ್ದಕ್ಕಲ್ಲ, ಬಸುರಿನಲ್ಲಿ ಏನಾಗುತ್ತದೆಂದು ನೋಡದೆ ಮಾರಿದ್ದಕ್ಕೆ! ಅಂದಿನಿಂದ ಚೀಟಿಯ ಮೇಲೆ ‘ಮಾಹಿತಿ ಇಲ್ಲ’ ಎಂದು ಬರೆಯುತ್ತಾರೆ. ಡಾಕ್ಟರು ಅದನ್ನು ‘ಕೊಡಬೇಡಿ’ ಎಂದು ಓದುತ್ತಾರೆ, ಮನೆಯವರು ‘ವಿಷ’ ಎಂದು. ಮಾಹಿತಿ ಇಲ್ಲದ್ದರಿಂದ ಕೊಡುವುದಿಲ್ಲ, ಕೊಡದ್ದರಿಂದ ಮಾಹಿತಿ ಬರುವುದಿಲ್ಲ.

ಮನೆಯವರ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಲಾರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಏರಿಸುವ ದ್ರಾವಣದ ಮೇಲೆ ಅನುಮಾನ ಬಂತು. ಅದಕ್ಕೂ ಲಸಿಕೆಗೂ ಸಂಬಂಧವಿಲ್ಲ. ಆದರೆ ಅದನ್ನು ಟಿವಿಯಲ್ಲಿ ನೋಡಿದ ಅತ್ತೆ ಸೊಸೆಯ ಕೈ ಹಿಡಿದುಕೊಂಡು “ಇದೇನು ಸಿಸ್ಟರ್, ಎಲ್ಲಿಂದ ಬಂತು, ಯಾತಕ್ಕೆ?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಗದರಿಕೆ ಉತ್ತರವಲ್ಲ.

ನಮಗೆ ಆ ಉತ್ತರ ಸಿಕ್ಕಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿನ ಸಿಸ್ಟರ್ ಮೊದಲು ತಂಗಿಯ ಕಾಲಿನ ಅರಿಶಿನವನ್ನು ಸೋಪು ಹಾಕಿ, ನಲ್ಲಿ ಕೆಳಗೆ ಹದಿನೈದು ನಿಮಿಷ ತೊಳೆಸಿದರು. ಆಮೇಲೆ ಲಸಿಕೆಯ ಸಣ್ಣ ಶೀಶೆಯನ್ನು ಚಿಕ್ಕಮ್ಮನ ಕೈಗೇ ಕೊಟ್ಟರು. “ನೋಡಿ ಅಮ್ಮ, ಇಷ್ಟೇ. ಇದರಲ್ಲಿರೋದು ಸತ್ತುಹೋಗಿದೆ, ಹೊಟ್ಟೆಗಲ್ಲ, ತೋಳಿಗೆ. ನಾನೂ ಎಂಟು ತಿಂಗಳಲ್ಲಿ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡವಳೇ.” ಚಿಕ್ಕಮ್ಮ ಶೀಶೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಓದಲು ಬಾರದು, ಆದರೂ ನೋಡಿದರು. ಆಮೇಲೆ ತಾವೇ ಮಗಳ ತೋಳಿನ ಸೆರಗು ಸರಿಸಿದರು.

ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೊಟ್ಟಾಗ ತಂಗಿ ಕಿರುಚಿದ್ದು ಹೊರಗಿನವರೆಗೂ ಕೇಳಿಸಿತು, ಅದು ನೋಯುತ್ತದೆ. ಎಲ್ಲ ಮುಗಿದ ಮೇಲೆ ತಾಯಿ ಕಾರ್ಡಿನಲ್ಲಿ ಎಲ್ಲಿ ಬರೆಯುವುದು ಎಂಬ ಪ್ರಶ್ನೆ ಬಂತು. ಟಿಡಿಗೆ ಜಾಗವಿತ್ತು, ರೇಬೀಸಿಗೆ ಇರಲಿಲ್ಲ. ಸಿಸ್ಟರ್ ಕಾರ್ಡನ್ನು ಅಡ್ಡಕ್ಕೆ ತಿರುಗಿಸಿ ಅಂಚಿನಲ್ಲಿ ನಾಲ್ಕು ತಾರೀಖು ಬರೆದು, ಮೊದಲನೆಯದಕ್ಕೆ ಸಹಿ ಹಾಕಿದರು. ಉಳಿದ ಮೂರಕ್ಕೂ ಚಿಕ್ಕಮ್ಮನೇ ಆಟೋ ಮಾಡಿಸಿಕೊಂಡು ಹೋದರು.